ದೇವಿ ಕಲೆಯ ಜಾಡು ಹಿಡಿದು

ಯಮಕನಮರಡಿಯ ಮಾಳಿಗೆಯೊಂದರ ಮೇಲೆ ಆಯಿ ಕುರಡಗಿ ಒತ್ತುತ್ತಿದ್ದರು. ಮೂರು ದಿನ ನೆನೆದ ಗೋಧಿಯ ಹಾಲನ್ನು ಕಾಸಿ ತಿರುವಿದ ಹಿಟ್ಟು ಒತ್ತಿನ ತೂತುಗಳಿಂದ ಎಳೆಯೆಳೆಯಾಗಿ ಇಳಿದು, ಹಳೆ ಸೀರೆಯ ಮೇಲೆ ಸುರುಳಿ ಸುತ್ತಿಕೊಳ್ಳುತ್ತಿತ್ತು. "ಹದಾ ನೋಡಪಾ. ತೆಳ್ಳಗಾದ್ರ ಹರದು ಹೋಗ್ತೈತಿ, ಗಟ್ಟಿ ಆದ್ರ ಇಳಿಯೂದಿಲ್ಲ." ಮೇಲೆ ಸರಿದ ಕುಪ್ಪಸದ ತೋಳಿನ ಕೆಳಗೆ ಎರಡು ದುಂಡು ಕಲೆ. "ಸಣ್ಣಾಕಿ ಇದ್ದಾಗ ದೇವಿ ಹಾಕಿದ್ರು."

ದೇವಿ ಎಂದರೆ ಸಿಡುಬಿನ ಲಸಿಕೆ. ಆ ಕಲೆ ನನ್ನನ್ನು ಬೆಳಗಾವಿ ಬಸ್ಸು ಹತ್ತಿಸಿತು. ಟಿಳಕವಾಡಿಯ ವ್ಯಾಕ್ಸಿನ್ ಡಿಪೋದಲ್ಲಿ ಈಗ ಹಳೆ ಮರಗಳ ನೆರಳು, ವಾಯುವಿಹಾರದ ಜನ. ಒಂದು ಕಾಲಕ್ಕೆ ಸಿಡುಬಿನ ಲಸಿಕೆ ಇಲ್ಲಿ ತಯಾರಾಗುತ್ತಿತ್ತು. ಆಗಿನ ಪದ್ಧತಿಯಲ್ಲಿ ಕರುವಿನ ಚರ್ಮವನ್ನು ಗೀರಿ ಲಸಿಕೆಯ ವೈರಸ್ ಬಿತ್ತುತ್ತಿದ್ದರು. ಎದ್ದ ಗುಳ್ಳೆಗಳನ್ನು ಕೆಲವು ದಿನಕ್ಕೆ ಕೆರೆದು ಗ್ಲಿಸರಿನ್ನಿನಲ್ಲಿ ಅರೆಯುತ್ತಿದ್ದರು. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಿಡುಬು ಅಳಿಯಿತೆಂದು ಸಾರಿತು. ಆ ಮರಗಳ ಕೆಳಗೆ ನಿಂತಾಗ ಮೂಕ ಕರುಗಳ ನೆನಪಿಗೆ ನನ್ನ ಗಂಟಲು ಕಟ್ಟಿತು.

ಆದರೆ ಎಲ್ಲ ವೈರಸ್ಸೂ ಪ್ರಾಣಿಯ ಮೈಯಲ್ಲಿ ನೆಲೆಯೂರುವುದಿಲ್ಲ. ಕೋವಿಡ್ ತಂದ ಕೊರೊನಾ ವೈರಸ್ಸಿನ ಮೊದಲ ರೂಪ ಸಾಮಾನ್ಯ ಇಲಿಯ ಜೀವಕೋಶಕ್ಕೆ ಸುಲಭವಾಗಿ ಹೊಗಲಿಲ್ಲ. ಅಲ್ಲಿನ ಬಾಗಿಲಿಗೆ ಅದರ ಕೀಲಿ ಕೂಡಲಿಲ್ಲ. ಇಂಥ ರೋಗವನ್ನು ಅರಿಯಲು ಮನುಷ್ಯನ ಅಂಗಾಂಶ ಬೇಕಾಗುತ್ತದೆ. ಹಾಗಂತ ಬದುಕಿರುವವರ ಶ್ವಾಸಕೋಶವನ್ನು ಬಗೆದು ನೋಡಲಾದೀತೇ?

ಅದಕ್ಕೊಂದು ದಾರಿ, ಅಂಗಾಂಶವನ್ನೇ ಮುದ್ರಿಸುವುದು. ಯಮಕನಮರಡಿಯನ್ನು ಹಾದುಹೋಗುವ ಹೆದ್ದಾರಿಯೇ ಬೆಂಗಳೂರಿಗೆ ಒಯ್ಯುತ್ತದೆ. ಅಲ್ಲಿನ ಪ್ಯಾಂಡೋರಂ ಸಂಸ್ಥೆಯವರು 2015ರಲ್ಲಿ ಮನುಷ್ಯರ ಯಕೃತ್ತಿನಂತೆ ಕೆಲಸ ಮಾಡುವ ಅಂಗಾಂಶವನ್ನು ಮುದ್ರಿಸಿ ತೋರಿಸಿದರು. ಮುದ್ರಣವೆಂದರೆ ಇಲ್ಲಿ ಶಾಯಿಯಲ್ಲ, ಜೀವಂತ ಕೋಶಗಳನ್ನು ಬೆರೆಸಿದ ಮೆದು ಜೆಲ್. ಸೂಜಿಯ ಮೊನೆಯಿಂದ ಪದರದ ಮೇಲೆ ಪದರ. ಇಲ್ಲಿಯೂ ಆಯಿಯ ಹದವೇ: ತೆಳ್ಳಗಾದರೆ ಆಕಾರ ನಿಲ್ಲದು, ಗಟ್ಟಿಯಾದರೆ ಒತ್ತಡಕ್ಕೆ ಕೋಶಗಳು ಸಾಯುತ್ತವೆ. ಬರ್ಲಿನ್ನಿನ ಸಂಶೋಧಕರು 2018ರಲ್ಲಿ ಕಡಲ ಪಾಚಿಯಿಂದ ಬರುವ ಆಲ್ಜಿನೇಟ್, ಜೆಲಾಟಿನ್ ಮುಂತಾದವುಗಳ ಮಿಶ್ರಣದಲ್ಲಿ ಶ್ವಾಸಕೋಶದ ಕೋಶಗಳನ್ನು ಮುದ್ರಿಸಿ ಇನ್‌ಫ್ಲುಯೆಂಜಾ ಸೋಂಕು ತಗುಲಿಸಿದರು. ವೈರಸ್ ಅಲ್ಲಿ ಬೆಳೆಯಿತು, ಕೋಶಗಳು ಎಚ್ಚರಿಕೆಯ ರಾಸಾಯನಿಕ ಸಂಕೇತವನ್ನೂ ಹೊರಬಿಟ್ಟವು. ಮೈಯಿಲ್ಲ, ಉಸಿರಿಲ್ಲ, ಆದರೂ ಆ ಚೂರು ಜೆಲ್ಲು ರೋಗ ಬಂತೆಂದು ಕೂಗಿಕೊಂಡಿತು! ಕೊರಿಯಾದ ಸಂಶೋಧಕರು ನಾಲ್ಕು ಬಗೆಯ ಕೋಶಗಳನ್ನು ಮೂರು ಪದರವಾಗಿ ಹನಿಸಿ ಶ್ವಾಸಕೋಶದ ಗಾಳಿಗೂಡಿನ ಗೋಡೆ ಕಟ್ಟಿದರು. ಅದರ ದಪ್ಪ ಸುಮಾರು 10 ಮೈಕ್ರಾನ್, ತಲೆಗೂದಲಿಗಿಂತಲೂ ತೆಳು.

ಸಂಜೆ ಬೆಳಗಾವಿಯಿಂದ ಮರಳಿದಾಗ ಕುರಡಗಿ ಗರಿಗರಿ ಒಣಗಿತ್ತು. ಆಯಿ ಎಲ್ಲವನ್ನೂ ಕೇಳಿ ಒಂದೇ ಪ್ರಶ್ನೆ ಕೇಳಿದರು: "ಅವ್ರು ಒತ್ತಿದ ಮ್ಯಾಲೂ ಅದ್ರಾಗ ಜೀವ ಉಳಿತೈತೇನೋ?"

"ಉಳಿತೈತಿ ಆಯಿ. ನಮ್ಮ ಮೈಯಷ್ಟೇ ಬೆಚ್ಚಗ, 37 ಡಿಗ್ರಿಯೊಳಗ ಇಟ್ಟು ಸಾಕತಾರ."

ಅವರ ಬೆರಳು ತೋಳಿನ ಕಲೆಯ ಮೇಲೆ ಹೊತ್ತುಗಟ್ಟಲೆ ಸುಳಿದಾಡುತ್ತಿತ್ತು.