ಆರೈಕೆ ಮಾಡುವವರದೇ ಒಂದು ಸಂಘ

ಬಸವನಗುಡಿ ಮತ್ತು ಮಲ್ಲೇಶ್ವರಗಳು ಹುಟ್ಟಿದ್ದು ಒಂದು ರೋಗದಿಂದ. 1898ರ ಪ್ಲೇಗು ಬೆಂಗಳೂರಿನ ಪೇಟೆಯ ಇಕ್ಕಟ್ಟಿನ ಓಣಿಗಳಲ್ಲಿ ಜನರನ್ನು ಬಲಿ ತೆಗೆದುಕೊಂಡ ಮೇಲೆ, ಗಾಳಿ ಬೆಳಕು ಇರುವಲ್ಲಿ ಜನ ವಾಸಿಸಲೆಂದು ಈ ಬಡಾವಣೆಗಳನ್ನು ನಿರ್ಮಿಸಲಾಯಿತು. ಒಂದು ಕಾಲಕ್ಕೆ ಮಕ್ಕಳ ಗದ್ದಲದಿಂದ ತುಂಬಿದ್ದ ಈ ರಸ್ತೆಗಳಲ್ಲಿ ಈಗ ವೃದ್ಧರೇ ಹೆಚ್ಚು. ಮಕ್ಕಳು ಅಮೆರಿಕದಲ್ಲೋ ವೈಟ್‌ಫೀಲ್ಡಿನಲ್ಲೋ ಇರುತ್ತಾರೆ. ನಮ್ಮ ಪಾಲಿಗೆ ಎರಡೂ ಹೆಚ್ಚುಕಡಿಮೆ ಒಂದೇ ದೂರ. ಮೇಲ್ಮಹಡಿಯನ್ನು ಬಾಡಿಗೆಗೆ ಕೊಟ್ಟು, ಕೆಳಗಿನ ಮನೆಯಲ್ಲಿ ಒಬ್ಬರೋ ಇಬ್ಬರೋ ಹಿರಿಯರು ಇರುತ್ತಾರೆ. ಅವರ ಜೊತೆಗೆ ಏಜೆನ್ಸಿಯಿಂದ ಬಂದ ಒಬ್ಬ ಹೆಣ್ಣುಮಗಳು. ಅವಳನ್ನು ಕೆಲವರು ಹೋಂ ನರ್ಸ್ ಎನ್ನುತ್ತಾರೆ, ಕೆಲವರು ಆಯಾ ಎನ್ನುತ್ತಾರೆ. ಇಂದಿನ ಬರಹ ಅವಳನ್ನು ಕುರಿತದ್ದು.

ನನ್ನ ಅಕ್ಕ ಪಾರ್ಶ್ವವಾಯುವಿನಿಂದ ನಾಲ್ಕು ವರ್ಷ ಹಾಸಿಗೆಯಲ್ಲಿದ್ದು ತೀರಿಕೊಂಡ ಸಂಗತಿ ಬಂಧುಗಳಿಗೆಲ್ಲ ತಿಳಿದದ್ದೇ. ಆ ನಾಲ್ಕು ವರ್ಷಗಳಲ್ಲಿ ನಮ್ಮ ಮನೆಗೆ ಏಳು ಮಂದಿ ಬಂದುಹೋದರು. ಅವರಲ್ಲಿ ಒಬ್ಬಾಕೆ ಎರಡು ವರ್ಷಕ್ಕೂ ಹೆಚ್ಚು ಕಾಲ ಇದ್ದರು; ಕೊಪ್ಪಳದ ಕಡೆಯವರು. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವುದು ಎಂಥ ವಿದ್ಯೆ ಎಂಬುದನ್ನು ನಾನು ಕಲಿತದ್ದು ಆಕೆಯಿಂದ. ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸದಿದ್ದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ. ಗಂಜಿಯನ್ನು ತಲೆ ಎತ್ತಿ ಕೂರಿಸಿಯೇ ಕುಡಿಸಬೇಕು, ಇಲ್ಲವಾದರೆ ಶ್ವಾಸನಾಳಕ್ಕೆ ಇಳಿಯುತ್ತದೆ. ಮೂತ್ರದ ಬಣ್ಣ ಬದಲಾದರೆ ಜ್ವರ ಬರುವ ಮುನ್ನವೇ ವೈದ್ಯರಿಗೆ ಹೇಳಬೇಕು. ಇವೆಲ್ಲಕ್ಕಿಂತ ಮಿಗಿಲಾಗಿ, ಮಾತು ನಿಂತುಹೋದ ಮನುಷ್ಯರ ಕಣ್ಣನ್ನು ಓದಬೇಕು. ಅಕ್ಕನಿಗೆ ನೀರು ಬೇಕೋ, ಕಿಟಕಿ ತೆರೆಯಬೇಕೋ ಎಂಬುದು ಒಡಹುಟ್ಟಿದ ನನಗಿಂತ ಮೊದಲು ಆಕೆಗೆ ತಿಳಿಯುತ್ತಿತ್ತು.

ಈ ಕೆಲಸಕ್ಕೆ ನಾವು ತಿಂಗಳಿಗೆ 28,000 ರೂಪಾಯಿ ಕೊಡುತ್ತಿದ್ದೆವು. ಆಕೆಯ ಕೈಗೆ ಸೇರುತ್ತಿದ್ದುದು 18,000. ಉಳಿದ ಹತ್ತು ಸಾವಿರ ಏಜೆನ್ಸಿಯದು. ಏಜೆನ್ಸಿಯವರು ಏನೂ ಮಾಡುತ್ತಿರಲಿಲ್ಲವೆಂದು ನಾನು ಹೇಳಲಾರೆ. ಜನರನ್ನು ಹುಡುಕುವುದು, ಗುರುತಿನ ಚೀಟಿ ಪರಿಶೀಲಿಸುವುದು, ಒಬ್ಬರು ಬಾರದಿದ್ದರೆ ಇನ್ನೊಬ್ಬರನ್ನು ಕಳುಹಿಸುವುದು, ಇವೆಲ್ಲ ಕೆಲಸವೇ. ಆದರೆ ಆಕೆಯ ತಾಯಿಗೆ ಕಾಯಿಲೆಯಾಗಿ ಹದಿನೈದು ದಿನ ಊರಿಗೆ ಹೋದಾಗ ಆ ದಿನಗಳ ಸಂಬಳ ಹೋಯಿತು. ಹಿಂತಿರುಗಿ ಬಂದಾಗ ಆಕೆಯನ್ನು ಬೇರೊಂದು ಮನೆಗೆ ಹಾಕಿಬಿಟ್ಟಿದ್ದರು. ನಮ್ಮ ಮನೆಗೆ ಹೊಸಬರು ಬಂದರು. ಅಕ್ಕ ಮೂರು ದಿನ ಬಾಯಿ ತೆರೆಯಲಿಲ್ಲ. ಆ ತಿಂಗಳೇ ಬೆನ್ನಿನಲ್ಲಿ ಮೊದಲ ಹುಣ್ಣು ಕಾಣಿಸಿಕೊಂಡಿತು. ಅದಕ್ಕೆ ಹೊಸಬರನ್ನು ದೂರಿ ಫಲವಿಲ್ಲ. ಯಾರೂ ಅವರಿಗೆ ಕಲಿಸಿರಲಿಲ್ಲ. ಬಹಳ ಬೇಡಿಕೊಂಡ ಮೇಲೆ ಮೊದಲಿನಾಕೆ ಮರಳಿ ಬಂದರು. ಯಾರನ್ನು ಎಲ್ಲಿಗೆ ಕಳುಹಿಸಬೇಕು ಎಂಬ ತೀರ್ಮಾನದಲ್ಲಿ ಆರೈಕೆ ಮಾಡುವವರಿಗೂ ಮಾತಿಲ್ಲ, ಆರೈಕೆ ಪಡೆಯುವವರಿಗೂ ಮಾತಿಲ್ಲ ಎಂಬುದು ಅಂದು ನನ್ನ ಮನಸ್ಸಿನಲ್ಲಿ ನಾಟಿತು.

ಸಮಾಜ ವಿಜ್ಞಾನದ ತರಗತಿಯಲ್ಲಿ ನನ್ನ ಬಾಯಿಂದ ಸಹಕಾರ ತತ್ತ್ವದ ಪಾಠ ಕೇಳಿದವರಿಗೆ ಮುಂದಿನ ಮಾತು ಎತ್ತ ಹೋಗುತ್ತದೆಂದು ತಿಳಿದಿರಬಹುದು. ಈ ಹೆಣ್ಣುಮಕ್ಕಳೇ ಸೇರಿ ತಮ್ಮ ಏಜೆನ್ಸಿಗೆ ತಾವೇ ಒಡೆಯರಾದರೆ ಹೇಗೆ?

ಸಹಕಾರ ನಮ್ಮ ನಾಡಿಗೆ ಹೊಸತಲ್ಲ. ಇಂದಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿಯೇ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ನಮ್ಮ ಚಾಮರಾಜಪೇಟೆಯ ಬೆಂಗಳೂರು ಸಿಟಿ ಕೋ-ಆಪರೇಟಿವ್ ಬ್ಯಾಂಕು 1907ರಷ್ಟು ಹಳೆಯದು. ಇವು ಸಾಲ ಕೊಡುವ, ಠೇವಣಿ ಇಡುವ ಸಂಘಗಳು. ದುಡಿಯುವವರೇ ಒಡೆಯರಾಗುವ ಸಂಘ ಬೇರೆ ಬಗೆಯದು. ಅದರ ಉದಾಹರಣೆಯೂ ನಮ್ಮೂರಿನಲ್ಲೇ ಇದೆ. 1950ರ ದಶಕದಲ್ಲಿ ಕಾಫಿ ಮಂಡಳಿ ತನ್ನ ಕಾಫಿ ಹೌಸುಗಳನ್ನು ಮುಚ್ಚತೊಡಗಿದಾಗ, ಕೆಲಸ ಕಳೆದುಕೊಂಡ ನೌಕರರು ಎ.ಕೆ. ಗೋಪಾಲನ್ ಅವರ ಪ್ರೇರಣೆಯಿಂದ ಒಂದುಗೂಡಿ, 1957ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಕಾಫಿ ನೌಕರರ ಮೊದಲ ಸಹಕಾರ ಸಂಘವನ್ನು ಸ್ಥಾಪಿಸಿದರು. ಮಹಾತ್ಮ ಗಾಂಧಿ ರಸ್ತೆಯಲ್ಲಿದ್ದು 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಹೋದ ಕಾಫಿ ಹೌಸಿನಲ್ಲಿ ಮಸಾಲೆ ದೋಸೆ ತಿಂದವರು ನಿಮ್ಮಲ್ಲಿ ಎಷ್ಟೋ ಮಂದಿ ಇದ್ದೀರಿ. ಆ ಬಿಳಿಯ ಪೇಟದವರು ನಿಮಗೆ ಕಾಫಿ ತಂದುಕೊಟ್ಟದ್ದು ತಮ್ಮದೇ ಸಂಘದ ಹೋಟೆಲಿನಲ್ಲಿ.

ಹೆಣ್ಣುಮಕ್ಕಳ ಸಂಘ ಬೇಕೆಂದರೆ, ಸಾಗರ ತಾಲ್ಲೂಕಿನ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರ ಪ್ರಯತ್ನದಿಂದ 1990ರ ದಶಕದಲ್ಲಿ ಆರಂಭವಾದ ಚರಕ ಇದೆ. ಬಸವನಗುಡಿಯವರಾದ ನಮಗೆ ‘ದೇಸಿ’ ಅಂಗಡಿಯ ಜುಬ್ಬಗಳ ಮೂಲಕ ಅದರ ಪರಿಚಯ. ಆ ಸಂಘವೂ 2020ರಲ್ಲಿ ದೊಡ್ಡ ಸಂಕಷ್ಟಕ್ಕೆ ಸಿಲುಕಿತು. ಸಹಕಾರವೆಂಬುದು ಮಂತ್ರದಂಡವಲ್ಲವೆಂದು ನೆನಪಿಸಲು ಇದನ್ನು ಹೇಳುತ್ತಿದ್ದೇನೆ. ಅದೇ ವರ್ಷದ ಜನವರಿಯಲ್ಲಿ ನಮ್ಮ ಬಡಾವಣೆಯ ಸಹಕಾರ ಬ್ಯಾಂಕೊಂದರ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿದಾಗ, ನಿವೃತ್ತಿಯ ಹಣವನ್ನೆಲ್ಲ ಅಲ್ಲಿಟ್ಟಿದ್ದ ನನ್ನ ಓರಗೆಯವರು ಬಾಗಿಲ ಮುಂದೆ ನಿಂತದ್ದನ್ನು ಕಂಡಿದ್ದೇನೆ. ಇಲ್ಲಿ ‘ಸಹಕಾರ’ ಎಂದೊಡನೆ ಮುಖ ಗಂಟಿಕ್ಕುವವರಿಗೆ ಕಾರಣವಿದೆ. ಸದಸ್ಯರು ಲೆಕ್ಕ ಕೇಳದ ಸಂಘ ಹೆಸರಿಗೆ ಮಾತ್ರ ಸಂಘ.

ಆರೈಕೆಯ ಕೆಲಸದಲ್ಲಿ ಇದನ್ನು ಮಾಡಿ ತೋರಿಸಿದ್ದು ನ್ಯೂಯಾರ್ಕ್ ನಗರದ ಬಡವರ ಪ್ರದೇಶವಾದ ಬ್ರಾಂಕ್ಸ್. 1985ರಲ್ಲಿ ಅಲ್ಲಿ ‘ಕೋಆಪರೇಟಿವ್ ಹೋಂ ಕೇರ್ ಅಸೋಸಿಯೇಟ್ಸ್’ ಆರಂಭವಾಯಿತು. ಮೊದಲಿಗೆ ಇದ್ದವರು ಹನ್ನೆರಡು ಮಂದಿ. ಮುಂದೆ ಅದು ಸುಮಾರು ಎರಡು ಸಾವಿರ ಮಂದಿ ದುಡಿಯುವ, ಅಮೆರಿಕದ ಅತಿ ದೊಡ್ಡ ಕಾರ್ಮಿಕ ಸಹಕಾರ ಸಂಸ್ಥೆಯಾಗಿ ಬೆಳೆಯಿತು. ಅಲ್ಲಿ ದುಡಿಯುವವರು ಹೆಚ್ಚಿನವರು ಕಪ್ಪು ಜನಾಂಗದ ಮತ್ತು ಸ್ಪ್ಯಾನಿಷ್ ಮಾತನಾಡುವ ಹೆಣ್ಣುಮಕ್ಕಳು. ಒಡೆತನದ ಷೇರು 1000 ಡಾಲರು. ಆದರೆ ಮೊದಲು ಅಲ್ಪ ಮೊತ್ತ ಕೊಟ್ಟರೆ ಸಾಕು, ಉಳಿದದ್ದನ್ನು ಸಂಬಳದಿಂದ ವಾರವಾರವೂ ಸ್ವಲ್ಪಸ್ವಲ್ಪವಾಗಿ ತುಂಬಬಹುದು. ಒಬ್ಬರಿಗೆ ಒಂದೇ ಮತ. ಕೆಲಸಕ್ಕೆ ಸೇರುವ ಮುನ್ನ ಕೆಲವು ವಾರಗಳ ಉಚಿತ ತರಬೇತಿ. ಬಿಟ್ಟುಹೋಗುವವರ ಪ್ರಮಾಣ ಅಲ್ಲಿ ಇತರ ಏಜೆನ್ಸಿಗಳಿಗಿಂತ ಬಹಳ ಕಡಿಮೆ.

ನಮ್ಮ ದೇಶದಲ್ಲಿ ಈ ದಾರಿ ತೆರೆದವರು ಇಳಾ ಭಟ್. 1972ರಲ್ಲಿ ಅಹಮದಾಬಾದಿನಲ್ಲಿ ‘ಸೇವಾ’ ಸಂಘಟನೆಯನ್ನು ಕಟ್ಟಿದರು. 1974ರಲ್ಲಿ ಹತ್ತು ಹತ್ತು ರೂಪಾಯಿಯ ಷೇರು ಕೂಡಿಸಿ ನಾಲ್ಕು ಸಾವಿರ ಹೆಣ್ಣುಮಕ್ಕಳು ತಮ್ಮದೇ ಬ್ಯಾಂಕು ತೆರೆದರು. 1990ರಲ್ಲಿ ‘ಲೋಕ ಸ್ವಾಸ್ಥ್ಯ’ ಎಂಬ, ಸೂಲಗಿತ್ತಿಯರು ಹಾಗೂ ಆರೋಗ್ಯ ಕಾರ್ಯಕರ್ತೆಯರೇ ಒಡೆಯರಾದ ಸಹಕಾರ ಸಂಘ ಬಂತು. ತಿರುವನಂತಪುರದ ಸೇವಾ ಸಂಘಟನೆ ಮನೆಗೆಲಸದವರಿಗೆ ಬಾಣಂತಿಯರ, ವೃದ್ಧರ ಆರೈಕೆಯಲ್ಲಿ ತರಬೇತಿ ಕೊಟ್ಟು ಮನೆಗಳಿಗೆ ಕಳುಹಿಸುತ್ತ ಬಂದಿದೆ. ಹನಿಹನಿಗೂಡಿದರೆ ಹಳ್ಳ ಎಂಬ ಗಾದೆಗೆ ಇವರೆಲ್ಲ ಸಾಕ್ಷಿ.

ಬ್ರಾಂಕ್ಸಿಗೂ ಬಸವನಗುಡಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಅಲ್ಲಿ ಬಡ ವೃದ್ಧರ ಆರೈಕೆಗೆ ಬಹುಪಾಲು ಹಣ ಕೊಡುವುದು ಸರ್ಕಾರ. ಇಲ್ಲಿ ಕೊಡಬೇಕಾದವರು ಮನೆಯವರೇ. ಆದ್ದರಿಂದ ಸಂಬಳ ಹೆಚ್ಚಿಸಬೇಕೆಂದರೆ ಪಿಂಚಣಿಯಲ್ಲಿ ಬದುಕುವ ಇನ್ನೊಂದು ಮನೆಗೆ ಹೊರೆಯಾಗುತ್ತದೆ ಎಂಬ ಆಕ್ಷೇಪ ಸಹಜ. ಅದಕ್ಕಾಗಿ ಒಂದು ಕೈಲೆಕ್ಕ ಮಾಡಿ ನೋಡಿದೆ. ಮೂವತ್ತು ಮಂದಿಯ ಸಂಘವೆಂದು ಇಟ್ಟುಕೊಳ್ಳಿ. ಮನೆಯವರು ಈಗ ಕೊಡುವಷ್ಟೇ ಕೊಡಲಿ. ಏಜೆನ್ಸಿಯ ಪಾಲಾಗುವ ಹತ್ತು ಸಾವಿರದಂತೆ ತಿಂಗಳಿಗೆ ಮೂರು ಲಕ್ಷ ಕೂಡುತ್ತದೆ. ಮೇಲ್ವಿಚಾರಣೆಗೆ ಒಬ್ಬ ಅನುಭವಿ ನರ್ಸಿಗೆ ನಲವತ್ತು ಸಾವಿರ, ಫೋನು ಮತ್ತು ಲೆಕ್ಕ ನೋಡುವ ಇಬ್ಬರಿಗೆ ಐವತ್ತು, ಕೋಣೆಯ ಬಾಡಿಗೆ ಮತ್ತಿತರ ಖರ್ಚಿಗೆ ಇಪ್ಪತ್ತೈದು, ರಜೆಯ ಸಂಬಳ ಹಾಗೂ ಕಾಯಿಲೆಯ ನಿಧಿಗೆ ಅರವತ್ತು. ಒಟ್ಟು ಒಂದು ಲಕ್ಷ ಎಪ್ಪತ್ತೈದು ಸಾವಿರ. ಉಳಿದ ಒಂದೂಕಾಲು ಲಕ್ಷವನ್ನು ಹಂಚಿದರೆ ತಲಾ ನಾಲ್ಕು ಸಾವಿರಕ್ಕೂ ತುಸು ಹೆಚ್ಚು. ಕೆಲಸವಿಲ್ಲದ ದಿನಗಳಿಗೆಂದು ಅದರಲ್ಲಿ ಅರ್ಧ ತೆಗೆದಿಟ್ಟರೂ ರಜೆ ಇದೆ, ಮೇಲ್ವಿಚಾರಣೆ ಇದೆ, ಸಂಬಳವೂ ಎರಡು ಸಾವಿರ ಏರಿದೆ.

ಈ ಲೆಕ್ಕವನ್ನು ಬಹಳ ಉತ್ಸಾಹದಿಂದ ಕೊಪ್ಪಳದ ಆಕೆಯ ಮುಂದಿಟ್ಟೆ. ಆಕೆ ಅಕ್ಕನ ಕಾಲಿಗೆ ಎಣ್ಣೆ ತಿಕ್ಕುತ್ತಲೇ ಕೇಳಿ, “ಷೇರು ಅಂದ್ರ ಮತ್ತೊಂದು ಕಟಿಂಗ್ ಅಲ್ಲೇನ್ರಿ ಸರ್?” ಎಂದರು. ಅದು ನಿಮ್ಮ ಹೆಸರಿನಲ್ಲೇ ಇರುವ ಹಣ, ಬಿಟ್ಟುಹೋಗುವಾಗ ನಿಯಮದಂತೆ ಹಿಂದಕ್ಕೆ ಪಡೆಯಬಹುದು ಎಂದು ವಿವರಿಸಿದೆ. ಒಪ್ಪಿದಂತೆ ಕಂಡಿತು. ಆಮೇಲೆ ಇನ್ನೊಂದು ಮಾತು ಹೇಳಿದರು: “ಮೀಟಿಂಗಿಗೆ ಹೋಗಾಕ ರಜಾ ಯಾರ್ ಕೊಡ್ತಾರ್ರೀ? ನಾವು ಒಬ್ಬೊಬ್ರು ಒಂದೊಂದು ಮನ್ಯಾಗ ಇರೋರು. ನಮ್ಮ ಏಜೆನ್ಸಿಯವರು ಈ ಓಣಿಯಾಗ ಇನ್ನ ಯಾರದಾರ ಅಂತ ನನಗ ಗೊತ್ತಿಲ್ರಿ.”

ನನ್ನ ಲೆಕ್ಕದಲ್ಲಿ ಇಲ್ಲದಿದ್ದ ಸಂಗತಿ ಇದು. ಕಾಫಿ ಹೌಸಿನ ನೌಕರರು ಒಂದೇ ಸೂರಿನ ಕೆಳಗೆ ದುಡಿಯುತ್ತಿದ್ದರು. ಒಬ್ಬರ ಕಷ್ಟ ಇನ್ನೊಬ್ಬರಿಗೆ ಕಾಣುತ್ತಿತ್ತು. ಚರಕದವರು ಒಟ್ಟಿಗೆ ಮಗ್ಗದ ಮುಂದೆ ಕೂರುತ್ತಾರೆ. ಇವರಾದರೋ ಇಪ್ಪತ್ನಾಲ್ಕು ಗಂಟೆಯೂ ಒಬ್ಬ ರೋಗಿಯ ಕೋಣೆಯಲ್ಲಿ ಒಂಟಿಯಾಗಿ ಇರುವವರು. ಒಬ್ಬರ ಮುಖ ಒಬ್ಬರು ನೋಡದವರು ಸಂಘ ಕಟ್ಟುವುದು ಹೇಗೆ? ಬ್ರಾಂಕ್ಸಿನ ತರಬೇತಿಯ ಬೆಲೆ ನನಗೆ ಆಗ ಹೊಳೆಯಿತು. ಅದು ಮಗ್ಗುಲು ಬದಲಾಯಿಸುವುದನ್ನು ಕಲಿಸುವುದಷ್ಟೇ ಅಲ್ಲ. ಹೊಸಬರು ವಾರಗಟ್ಟಲೆ ಒಂದೇ ಕೋಣೆಯಲ್ಲಿ ಕೂತು ಪರಸ್ಪರ ಪರಿಚಿತರಾಗುವ ಅವಕಾಶವೂ ಹೌದು. ಸಂಘದ ಬೀಜ ಇರುವುದು ಆ ತರಗತಿಯಲ್ಲಿ.

ಕಾನೂನು ಅಡ್ಡಿಯಾಗದು. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯಿದೆ ಇದೆ. ಹೆಚ್ಚು ಸ್ವಾಯತ್ತತೆ ಬೇಕೆನ್ನುವವರಿಗೆ 2001ರಿಂದ ಜಾರಿಯಲ್ಲಿರುವ ಸೌಹಾರ್ದ ಸಹಕಾರಿ ಕಾಯಿದೆ ಇದೆ. ಮನೆಗೆಲಸದವರಿಗೂ ಕನಿಷ್ಠ ವೇತನ ಉಂಟೆಂದು ನಮ್ಮ ರಾಜ್ಯ 2004ರಲ್ಲಿಯೇ ಅಧಿಸೂಚನೆ ಹೊರಡಿಸಿತ್ತು. ಕೊರತೆ ಇರುವುದು ಭಾನುವಾರದ ಮೂರು ಗಂಟೆ ಬಿಡುವಿನದು, ಕೂರಲು ಒಂದು ಕೋಣೆಯದು.

ಆದ್ದರಿಂದ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಬೇಡಿಕೆ. ನಿಮ್ಮ ತಂದೆತಾಯಿಯರನ್ನು ನೋಡಿಕೊಳ್ಳಲು ಯಾರಾದರೂ ಇದ್ದರೆ, ತಿಂಗಳಿಗೆ ಎರಡು ಭಾನುವಾರ ಮಧ್ಯಾಹ್ನ ಅವರಿಗೆ ಬಿಡುವು ಕೊಡಿ. ಆ ಹೊತ್ತು ನೀವೋ ನಿಮ್ಮ ಬಂಧುಗಳೋ ಹಾಸಿಗೆಯ ಬಳಿ ಕೂರಿ. ನಿಮ್ಮಲ್ಲಿ ನರ್ಸುಗಳಿದ್ದೀರಿ, ಲೆಕ್ಕಪರಿಶೋಧಕರಿದ್ದೀರಿ, ವಕೀಲರಿದ್ದೀರಿ. ತರಗತಿ ನಡೆಸಲು ಜಾಗಕ್ಕಾಗಿ ನಮ್ಮ ಭಾಗದ ಶಾಲೆಯೊಂದರ ಆಡಳಿತ ಮಂಡಳಿಯವರನ್ನು ಕೇಳಿದ್ದೇನೆ. ಭಾನುವಾರಗಳಂದು ಒಂದು ಕೋಣೆ ಬಿಟ್ಟುಕೊಡಲು ಒಪ್ಪಿದ್ದಾರೆ. ಮೊದಲ ದಿನ ಹುಣ್ಣಾಗದಂತೆ ಮಗ್ಗುಲು ಬದಲಾಯಿಸುವ ಬಗೆಯನ್ನು ಕಲಿಸುವವರು ಕೊಪ್ಪಳದ ಆಕೆ. ಈಗ ಮಲ್ಲೇಶ್ವರದ ಒಂದು ಮನೆಯಲ್ಲಿದ್ದಾರೆ. ಆ ಮನೆಯವರು ರಜೆ ಕೊಟ್ಟರೆ ಬರುವೆನೆಂದು ಹೇಳಿದ್ದಾರೆ. ಸಂಘ ಕಟ್ಟಬೇಕೋ ಬೇಡವೋ ಎಂಬುದನ್ನು ಅವರವರೇ ಕೂತು ತೀರ್ಮಾನಿಸಲಿ. ಬೆಂಚುಗಳನ್ನು ಜೋಡಿಸಿಡುವ ಕೆಲಸ ನನ್ನದು.