ತಮಾಷೆಗೆ ಅಂದ ಮಾತು

‘ಸುಮ್ಮನೆ ತಮಾಷೆಗೆ ಅಂದೆ, ಅದನ್ನೇ ಇಷ್ಟು ದೊಡ್ಡದು ಮಾಡಬೇಕೆ?’ ಈ ಮಾತು ಕೇಳಿಸದ ಮನೆ ನಮ್ಮಲ್ಲಿ ಇರಲಾರದು. ಹೀಗೆ ಹೇಳುವವರು ಕೆಟ್ಟವರಲ್ಲ. ಅವರು ನಮ್ಮ ಅಕ್ಕ, ನಮ್ಮ ಭಾವ, ಪಕ್ಕದ ಕುರ್ಚಿಯ ಸಹೋದ್ಯೋಗಿ, ಕಷ್ಟಕಾಲದಲ್ಲಿ ಕೇಳದೆಯೇ ಕೈಗೆ ದುಡ್ಡು ಕೊಟ್ಟ ಗೆಳತಿ. ಬೀದಿಯಲ್ಲಿ ಯಾರೋ ಅಂದರೆ ತಿರುಗಿ ಬೈದು ಬರಬಹುದು. ನಮ್ಮವರೇ ನಗುನಗುತ್ತಾ ಅಂದರೆ ಏನು ಮಾಡುವುದು? ನಕ್ಕರೆ ಮನಸ್ಸಿಗೆ ಮುಳ್ಳು. ನಗದಿದ್ದರೆ ‘ಇವಳೊಬ್ಬಳು ದೊಡ್ಡ ಸುಧಾರಕಿ’ ಎಂಬ ಬಿರುದು.

ಪ್ರೌಢಶಾಲೆಯಲ್ಲಿ ಕನ್ನಡ ಮತ್ತು ಸಮಾಜ ವಿಜ್ಞಾನ ಕಲಿಸುತ್ತಾ ನನಗೆ 25ಕ್ಕೂ ಹೆಚ್ಚು ವರ್ಷಗಳಾದವು. ವರ್ಣಭೇದದ ವಿಷಯವನ್ನು ಎಷ್ಟು ಸಲ ಪಾಠ ಮಾಡಿದ್ದೇನೋ ಲೆಕ್ಕವಿಲ್ಲ. 1893ರಲ್ಲಿ ಪೀಟರ್‌ಮಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ ಗಾಂಧೀಜಿಯವರನ್ನು ರೈಲಿನಿಂದ ಹೊರಕ್ಕೆ ದಬ್ಬಿದ್ದು, ಮಂಡೇಲಾ ಅವರು 27 ವರ್ಷ ಸೆರೆಯಲ್ಲಿದ್ದು 1990ರಲ್ಲಿ ಹೊರಬಂದದ್ದು, 1994ರಲ್ಲಿ ಅಧ್ಯಕ್ಷರಾದದ್ದು, ಎಲ್ಲವನ್ನೂ ಮಕ್ಕಳು ಚೆನ್ನಾಗಿಯೇ ಬರೆಯುತ್ತಾರೆ. ನಕ್ಷೆಯಲ್ಲಿ ದಕ್ಷಿಣ ಆಫ್ರಿಕಾವನ್ನು ತೋರಿಸೆಂದರೆ ಕೋಲು ಸರಿಯಾದ ಜಾಗಕ್ಕೇ ಹೋಗುತ್ತದೆ. ತೊಂದರೆ ಇರುವುದೇ ಅಲ್ಲಿ. ಅದು ನಕ್ಷೆಯ ತುದಿಯಲ್ಲಿ, ಸಮುದ್ರದಾಚೆ ಇರುವ ರೋಗ ಎಂದು ನಾವೆಲ್ಲ ನೆಮ್ಮದಿಯಾಗಿದ್ದೇವೆ.

ನಾನು ಕೆಲಸ ಮಾಡುವುದು ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಒಂದು ಊರಿನಲ್ಲಿ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಯ ಕಾಡಂಚಿನ ಹಳ್ಳಿಗಳಲ್ಲಿ ಸಿದ್ದಿ ಜನ ತಲೆಮಾರುಗಳಿಂದ ಇದ್ದಾರೆ. ಅವರ ಹಿರಿಯರನ್ನು ಪೂರ್ವ ಆಫ್ರಿಕಾದಿಂದ ಅರಬ್ ವರ್ತಕರೂ ಪೋರ್ಚುಗೀಸರೂ ಗುಲಾಮರನ್ನಾಗಿ ತಂದರು. ಗೋವೆಯಲ್ಲಿ ದುಡಿಸಿಕೊಂಡ ಒಡೆಯರಿಂದ ತಪ್ಪಿಸಿಕೊಂಡು ಬಂದ ಅನೇಕರಿಗೆ ನಮ್ಮ ಘಟ್ಟದ ಕಾಡು ಆಸರೆಯಾಯಿತು. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಬಹಳ ಮನೆಗಳಲ್ಲಿ ಆಡುಮಾತು ಕೊಂಕಣಿ. ಕನ್ನಡ ನಮ್ಮಷ್ಟೇ ಸಲೀಸು. ನೀನಾಸಂನವರು 80ರ ದಶಕದಲ್ಲಿ ಮಂಚೀಕೇರಿಯಲ್ಲಿ ಈ ಜನರಿಂದಲೇ ಚಿನುವಾ ಅಚಿಬೆಯವರ ಕಾದಂಬರಿಯ ನಾಟಕರೂಪವನ್ನು ಆಡಿಸಿದ್ದರು. 2003ರಲ್ಲಿ ಜಿಲ್ಲೆಯ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಇಷ್ಟಾದರೂ ಸಂತೆಯಲ್ಲಿ ಸಿದ್ದಿ ಹುಡುಗನೊಬ್ಬ ಕಂಡರೆ ‘ಯಾವ ದೇಶ?’ ಎಂದು ಕೇಳುವವರಿಗೆ ಬರವಿಲ್ಲ. ಅವನ ಅಜ್ಜನ ಅಜ್ಜ ಹುಟ್ಟಿದ್ದೂ ಇದೇ ಮಣ್ಣಿನಲ್ಲಿ.

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಪಂಚವಟಿಯ ಕತೆಯನ್ನು ಮಕ್ಕಳಿಂದ ಆಡಿಸುವುದೆಂದು ತೀರ್ಮಾನವಾಯಿತು. ಪಾತ್ರ ಹಂಚುವ ಹೊಣೆ ನಮ್ಮ ಹಿರಿಯ ಮಾಸ್ತರೊಬ್ಬರದು. ಒಳ್ಳೆಯ ಮನುಷ್ಯರು. ಪರೀಕ್ಷಾ ಶುಲ್ಕ ಕಟ್ಟಲಾಗದ ಮಕ್ಕಳಿಗೆ ತಮ್ಮ ಜೇಬಿನಿಂದಲೇ ಕಟ್ಟಿ, ಯಾರಿಗೂ ಹೇಳುತ್ತಿರಲಿಲ್ಲ. ಮಧ್ಯಾಹ್ನ ಚಹಾ ಕುಡಿಯುತ್ತಾ ಅವರು ಪಟ್ಟಿ ಓದಿದರು. ರಾಮ, ಲಕ್ಷ್ಮಣ, ಸೀತೆ ಎಲ್ಲ ಆಯಿತು. ಶೂರ್ಪನಖಿಯ ಹೆಸರು ಬಂದಾಗ ಒಂಬತ್ತನೆಯ ತರಗತಿಯ ಸಿದ್ದಿ ಹುಡುಗಿಯೊಬ್ಬಳ ಹೆಸರು ಹೇಳಿ, ‘ಇವಳಿಗಾದರೆ ಬಣ್ಣದ ಖರ್ಚು ಉಳೀತು ನೋಡಿ’ ಅಂದರು. ಕೋಣೆಯೆಲ್ಲ ನಕ್ಕಿತು. ಅದೇ ಹೊತ್ತಿಗೆ ಆ ಹುಡುಗಿ ಹಾಜರಿ ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳೂ ನಕ್ಕಳು.

ಆ ನಗುವನ್ನು ನಾನು ಮರೆತಿಲ್ಲ. ಮೈಮೇಲೆ ಬಿದ್ದ ಕಲ್ಲನ್ನು ಹೂವೆಂದು ಹಿಡಿದುಕೊಳ್ಳಲು ಹದಿನಾಲ್ಕು ವರ್ಷದ ಕೂಸು ಎಷ್ಟು ಅಭ್ಯಾಸ ಮಾಡಿರಬೇಕು! ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರೆ. ಇಲ್ಲಿ ಇಲಿಯೂ ನಗಬೇಕು, ಇಲ್ಲದಿದ್ದರೆ ಬೆಕ್ಕಿಗೆ ಬೇಸರ.

‘ಸರ್, ಇದರಲ್ಲಿ ನಗುವಂಥದ್ದು ಏನು ಅಂತ ನನಗೆ ತಿಳೀಲಿಲ್ಲ. ಸ್ವಲ್ಪ ಬಿಡಿಸಿ ಹೇಳ್ತೀರಾ?’ ಅಂದೆ. ದನಿ ಏರಿಸಲಿಲ್ಲ. ಆದರೆ ಬಾಗಿಲವರೆಗೆ ಕೇಳುವಷ್ಟು ಜೋರಾಗಿಯೇ ಅಂದೆ.

ತಮಾಷೆಯನ್ನು ಬಿಡಿಸಿ ಹೇಳುವುದು ಬಹಳ ಕಷ್ಟ. ಮಾಸ್ತರರು ನನ್ನನ್ನೂ ಚಹಾದ ಲೋಟವನ್ನೂ ನೋಡಿದರು. ‘ಏನಿಲ್ಲ ಮೇಡಂ, ತಮಾಷೆಗೆ ಅಂದದ್ದು’ ಎಂದರು. ‘ಅದೇ ಸರ್, ತಮಾಷೆ ಯಾವುದು?’ ಅಂದೆ. ಈಗ ಅವರಿಗೆ ಸಿಟ್ಟು ಬಂತು. ‘ನನಗೆ ಜಾತಿ ಗೀತಿ ಏನೂ ಇಲ್ಲ. ಅವಳ ಅಣ್ಣನಿಗೆ ಫೀಸು ಕಟ್ಟಿದವ ನಾನು. ಈಗೇನು, ಒಂದು ಮಾತಿಗೆ ಕೇಸು ಹಾಕಿಸ್ತೀರಾ?’ ಎಂದರು. ಕೇಸಿನ ಮಾತು ನನ್ನ ತಲೆಯಲ್ಲೇ ಇರಲಿಲ್ಲ. ನಾನಂದೆ: ‘ಸರ್, ನಮ್ಮ ಯಕ್ಷಗಾನದಲ್ಲಿ ರಾಕ್ಷಸನ ವೇಷ ಕಟ್ಟುವವ ಚೌಕಿಯಲ್ಲಿ ಗಂಟೆಗಟ್ಟಲೆ ಕೂತು ಮುಖಕ್ಕೆ ಬಣ್ಣ ಬರೀತಾನೆ. ಯಾಕಂದ್ರೆ ಯಾವ ಮನುಷ್ಯನ ಮುಖವೂ ರಾಕ್ಷಸನ ಮುಖ ಅಲ್ಲ. ಶೂರ್ಪನಖಿ ಯಾರಾದರೂ ಆಗಲಿ, ಬಣ್ಣದ ಖರ್ಚು ಮಾಡೋಣ.’

ಗಂಟೆ ಬಾರಿಸಿತು. ಎಲ್ಲರೂ ತಂತಮ್ಮ ತರಗತಿಗೆ ಎದ್ದರು. ಆಮೇಲೆ ಸುಮಾರು ಒಂದು ತಿಂಗಳು ಅವರೂ ನಾನೂ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದೆವು. ಚಹಾ ಬಂದರೆ ನನ್ನ ಲೋಟ ಮೇಜಿನ ಇನ್ನೊಂದು ತುದಿಯಲ್ಲಿ ಇರುತ್ತಿತ್ತು. ‘ನೀವು ಹೇಳಿದ್ದು ಸರಿ, ಆದರೆ ಎಲ್ಲರೆದುರು ಹೇಳಬಾರದಿತ್ತು’ ಎಂದು ಇಬ್ಬರು ಸಹೋದ್ಯೋಗಿಗಳು ಬೇರೆ ಬೇರೆಯಾಗಿ ಬಂದು ಪಿಸುಗುಟ್ಟಿದರು. ಅವಮಾನ ಎಲ್ಲರೆದುರು ಆಗಬಹುದು, ಉತ್ತರ ಮಾತ್ರ ಮೂಲೆಯಲ್ಲಿ ಆಗಬೇಕು ಎಂಬ ಈ ಶಿಷ್ಟಾಚಾರವನ್ನು ಯಾರು ಮಾಡಿದರೋ!

ಹುಡುಗಿಯನ್ನು ಕರೆದು ‘ನಿನಗೆ ಯಾವ ಪಾತ್ರ ಬೇಕು?’ ಎಂದು ಕೇಳಿದೆ. ‘ನನಗೆ ಪಾತ್ರ ಬೇಡ ಅಕ್ಕೋರೆ, ಪರದೆ ಹಿಂದೆ ನಿಂತು ಹಾಡ್ತೇನೆ’ ಅಂದಳು. ಸೀತೆಯ ಪಾತ್ರ ಕೊಡುತ್ತೇನೆಂದರೂ ಒಪ್ಪಲಿಲ್ಲ. ಆ ವರ್ಷ ಅವಳು ಪರದೆಯ ಹಿಂದೆಯೇ ಹಾಡಿದಳು. ಒಳ್ಳೆಯ ಕಂಠ. ಸಭಿಕರಿಗೆ ಹಾಡಿದವರು ಯಾರೆಂದು ತಿಳಿಯಲಿಲ್ಲ. ಅವಳಿಗೆ ಬೇಕಾಗಿದ್ದುದೂ ಅದೇ. ಮಾಸ್ತರರು ಬದಲಾದರೆಂದು ನಾನು ಹೇಳಲಾರೆ. ಆದರೆ ವರ್ಗಾವಣೆಯಾಗಿ ಹೋಗುವತನಕ ಅಂಥ ಮಾತು ಅವರ ಬಾಯಿಂದ ಆ ಕೋಣೆಯಲ್ಲಿ ಮತ್ತೆ ಬರಲಿಲ್ಲ. ಹಾಜರಿ ಪುಸ್ತಕ ತರುವ ಮಕ್ಕಳ ಮಟ್ಟಿಗೆ ಅದು ಸಣ್ಣ ವಿಷಯವಲ್ಲ.

ಶಾಲೆಯಲ್ಲಾದರೆ ನಾನು ಅಕ್ಕೋರು. ನನ್ನ ಮಾತಿಗೆ ಒಂದಿಷ್ಟು ತೂಕವಿದೆ. ತವರಿನಲ್ಲಿ ನಾನು ಕೊನೆಯ ತಂಗಿ. ಅಲ್ಲಿ ಬಾಯಿ ತೆರೆಯುವುದು ಇನ್ನೂ ಕಷ್ಟ.

ನನ್ನ ದೊಡ್ಡಕ್ಕನ ಹಿರಿಯ ಮಗ ಓದಲೆಂದು ಮೆಲ್ಬರ್ನ್‌ಗೆ ಹೋಗಿದ್ದ. 2009ರಲ್ಲಿ ಅಲ್ಲಿ ಭಾರತೀಯ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವಲ್ಲ, ಆಗ ಇವನನ್ನೂ ರೈಲಿನಲ್ಲಿ ಯಾರೋ ಬಣ್ಣ ಹಿಡಿದು ಬೈದರಂತೆ. ಹೊಡೆತ ಬೀಳಲಿಲ್ಲ, ಬರೀ ಮಾತು. ಅಕ್ಕ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ‘ನನ್ನ ಮಗ ಏನು ಮಾಡಿದ್ದ ಅವರಿಗೆ? ಬಣ್ಣ ನೋಡಿ ಮನುಷ್ಯರನ್ನು ಅಳೆಯುವ ಜನ ಮನುಷ್ಯರೇ?’ ಎಂದು ಫೋನಿನಲ್ಲಿ ಅತ್ತಳು. ನನಗೂ ಕಣ್ಣೀರು ಬಂತು.

ಐದಾರು ವರ್ಷಗಳ ನಂತರ ಎರಡನೆಯ ಮಗನಿಗೆ ಹೆಣ್ಣು ನೋಡುವ ಕಾಲ. ಅಡಿಕೆ ಸುಲಿಯುವ ದಿನಗಳು. ನಾನೂ ಅಕ್ಕನ ಮನೆಯಲ್ಲಿದ್ದೆ. ಜಗಲಿಯಲ್ಲಿ ಏಳೆಂಟು ಹೆಂಗಸರು ಕುಳಿತು ಅಡಿಕೆ ಸುಲಿಯುತ್ತಿದ್ದರು. ಅವರಲ್ಲಿ ಮೂವರು ಸಿದ್ದಿ ಹೆಂಗಸರು. ಅಕ್ಕ ಒಳಗಿಂದ ಬಂದು ನೋಡಿಬಂದ ಹುಡುಗಿಯ ಸುದ್ದಿ ತೆಗೆದಳು. ‘ಓದಿದ್ದಾಳೆ, ಮನೆತನ ಒಳ್ಳೇದು, ಎಲ್ಲ ಸರಿ. ಆದರೆ ಒಳ್ಳೆ ಸಿದ್ದಿ ಇದ್ದ ಹಾಗೆ ಇದ್ದಾಳೆ’ ಎಂದು ನಕ್ಕಳು. ಜಗಲಿಯಲ್ಲಿ ಒಂದು ಗಳಿಗೆ ಕತ್ತಿಯ ಸದ್ದು ನಿಂತು ಮತ್ತೆ ಶುರುವಾಯಿತು. ಯಾರೂ ತಲೆ ಎತ್ತಲಿಲ್ಲ.

‘ಅಕ್ಕಾ, ಮೆಲ್ಬರ್ನಿನ ರೈಲಿನಲ್ಲಿ ನಮ್ಮ ಹುಡುಗನಿಗೆ ಅಂದದ್ದು ಇದೇ ಮಾತು. ಅಲ್ಲಿ ಅವನು ಕೂತಿದ್ದ ಜಾಗದಲ್ಲಿ ಇಲ್ಲಿ ಇವರು ಕೂತಿದ್ದಾರೆ’ ಅಂದೆ. ಅಲ್ಲೇ, ಜಗಲಿಯಲ್ಲೇ.

ಅಕ್ಕನ ಮುಖ ಕೆಂಪಾಯಿತು. ‘ಅದಕ್ಕೂ ಇದಕ್ಕೂ ಏನು ಸಂಬಂಧವೇ? ಅವರು ದ್ವೇಷದಿಂದ ಅಂದದ್ದು. ನಾನು ನನ್ನ ಮನೆಯೊಳಗೆ ಒಂದು ಮಾತು ಅಂದದ್ದು.’ ಭಾವ ಸಮಾಧಾನ ಮಾಡಲು ಬಂದರು: ‘ಕಪ್ಪಾದರೆ ಏನಾಯ್ತು? ನಮ್ಮ ಕೃಷ್ಣನೇ ಕಪ್ಪು, ರಾಮನೂ ಶ್ಯಾಮಲ ವರ್ಣದವನು. ದ್ರೌಪದಿಯ ಹೆಸರೇ ಕೃಷ್ಣೆ.’ ಭಾವನವರ ಮನಸ್ಸು ದೊಡ್ಡದು. ಆದರೆ ಈ ಸಮಾಧಾನ ನನಗೆ ಎಂದೂ ಹಿಡಿಸಿಲ್ಲ. ಕಪ್ಪು ಬಣ್ಣಕ್ಕೆ ಕ್ಷಮೆ ಸಿಗಬೇಕಾದರೆ ದೇವರೇ ಆಗಿರಬೇಕೆ? ಅಡಿಕೆ ಸುಲಿಯುವ ಹೆಂಗಸಾಗಿ ಇದ್ದರೆ ಸಾಲದೆ?

ಸಂಜೆ ಕೂಲಿ ತೆಗೆದುಕೊಂಡು ಹೊರಟಾಗ ಅವರಲ್ಲಿ ಹಿರಿಯಳು ನನ್ನ ಹತ್ತಿರ ಬಂದು, ‘ನೀವು ಯಾವಾಗ ಹೋಗ್ತೀರಿ ಅಕ್ಕೋರೆ?’ ಎಂದು ಮಾತ್ರ ಕೇಳಿದಳು. ‘ನಾಳೆ’ ಅಂದೆ. ‘ಮತ್ತೆ ಬನ್ನಿ’ ಅಂದಳು. ಅವಳ ಮಾತಿನ ಅರ್ಥವನ್ನು ನಾನು ಹಿಗ್ಗಿಸುವುದಿಲ್ಲ. ಅಕ್ಕ ಆರು ತಿಂಗಳು ನನಗೆ ಫೋನು ಮಾಡಲಿಲ್ಲ. ಆಮೇಲೆ ತಾನಾಗಿಯೇ ಮಾಡಿದಳು, ಉಪ್ಪಿನಕಾಯಿಯ ವಿಷಯಕ್ಕೆ. ಅಕ್ಕ ತಂಗಿಯರ ಜಗಳಕ್ಕೆ ಅಂಥದೊಂದು ದಾರಿ ಯಾವಾಗಲೂ ಇರುತ್ತದೆ. ಅಂದಹಾಗೆ, ಅದೇ ಹುಡುಗಿ ಈಗ ಆ ಮನೆಯ ಸೊಸೆ.

ಗೆಳೆತನಕ್ಕೆ ಅಂಥ ದಾರಿ ಇರುವುದಿಲ್ಲ. ಬಿ.ಎಡ್. ಓದುವಾಗ ಹಾಸ್ಟೆಲಿನಲ್ಲಿ ನನ್ನ ಜೊತೆ ಒಂದೇ ಕೋಣೆಯಲ್ಲಿದ್ದ ಗೆಳತಿ ಬೆಂಗಳೂರಿನಲ್ಲಿ ಮನೆ ಕಟ್ಟಿಸಿ ಮಹಡಿಯ ಕೋಣೆಗಳನ್ನು ಬಾಡಿಗೆಗೆ ಕೊಟ್ಟಿದ್ದಳು. ಮಣಿಪುರದ ಇಬ್ಬರು ಹುಡುಗಿಯರು ಅಲ್ಲಿದ್ದರು, ಒಬ್ಬಳು ದಾದಿ. 2012ರ ಆಗಸ್ಟ್‌ನಲ್ಲಿ ಈಶಾನ್ಯ ರಾಜ್ಯದವರ ಮೇಲೆ ದಾಳಿಯಾಗುತ್ತದೆಂದು ಮೊಬೈಲುಗಳಲ್ಲಿ ಸುಳ್ಳು ಸುದ್ದಿ ಹಬ್ಬಿತು. ಪೊಲೀಸರು ಧೈರ್ಯ ಹೇಳಿದರೂ ಸಾವಿರಾರು ಜನ ಸಿಕ್ಕ ಬಟ್ಟೆ ಕಟ್ಟಿಕೊಂಡು ಬೆಂಗಳೂರು ಬಿಟ್ಟರು. ಗುವಾಹಟಿಗೆ ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. ಕೆಲಸದ ಮೇಲೆ ನಾನು ಬೆಂಗಳೂರಿಗೆ ಹೋಗಿ ಅವಳ ಮನೆಯಲ್ಲಿ ಇಳಿದಾಗ ಆ ಹುಡುಗಿಯರು ಹೋಗಿ ಮೂರು ದಿನವಾಗಿತ್ತು. ಅರ್ಧ ಚೀಲ ಅಕ್ಕಿ ಮಹಡಿಯಲ್ಲಿ ಹಾಗೆಯೇ ಇತ್ತು.

‘ಆ ಚಿಂಕಿಗಳು ಹೋದದ್ದೇ ಒಳ್ಳೇದಾಯ್ತು. ಮೂರು ದಿನದಿಂದ ಕಿಟಕಿ ತೆಗೆದಿಟ್ಟಿದ್ದೀನಿ, ವಾಸನೆ ಹೋಗಲಿ ಅಂತ. ಅದೇನೋ ಬಿದಿರು ಕೊಳೆಸಿ ತಿಂತಾರೆ’ ಎಂದು ನಗುತ್ತಾ ಅಂದಳು.

‘ನಮ್ಮ ಮನೆಯ ಕಳಲೆ ಪಲ್ಯ ಮತ್ತೇನು? ಬಿದಿರಿನ ಮೊಳಕೆಯನ್ನೇ ಮೂರು ದಿನ ನೀರಲ್ಲಿ ನೆನೆಹಾಕ್ತಾರೆ. ಹಾಸ್ಟೆಲಿಗೆ ಅಮ್ಮ ಕಳಿಸಿದ್ದನ್ನು ನೀನೇ ಡಬ್ಬಿ ಬಳಿದು ತಿಂತಿದ್ದೆ’ ಅಂದೆ. ಮೊದಲು ನಕ್ಕಳು. ನಾನು ಬಿಡಲಿಲ್ಲ. ‘ಹೆದರಿಕೊಂಡು ಅಕ್ಕಿ ಚೀಲ ಬಿಟ್ಟು ಓಡಿದ ಮಕ್ಕಳಿಗೆ ಆ ಹೆಸರು ಇಡಬೇಡ. ನಿನ್ನ ಮಗಳ ವಯಸ್ಸು ಅವರದು’ ಅಂದೆ. ‘ನನ್ನ ಮನೆಗೆ ಬಂದು ನನಗೇ ಪಾಠ ಹೇಳ್ತೀಯಾ?’ ಎಂದಳು. ರಾತ್ರಿ ಊಟ ಬಡಿಸಿದಳು; ಮಾತು ಬಡಿಸಲಿಲ್ಲ. ಅಂದಿನಿಂದ ಇಂದಿನವರೆಗೆ ನಮ್ಮಿಬ್ಬರ ನಡುವೆ ಹಬ್ಬದ ಶುಭಾಶಯ ಬಿಟ್ಟರೆ ಬೇರೇನೂ ಇಲ್ಲ. ಆ ಗೆಳತಿಯನ್ನು ನೆನೆದರೆ ಇಂದಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಅಷ್ಟು ಸಣ್ಣ ಮಾತಿಗೆ ಇಷ್ಟು ಬೆಲೆ ಕೊಡಬೇಕೆ ಎಂದು ಕೇಳಿದವರಿದ್ದಾರೆ. 2014ರ ಜನವರಿಯಲ್ಲಿ ಅರುಣಾಚಲ ಪ್ರದೇಶದ ನಿಡೊ ತಾನಿಯಾ ಎಂಬ ವಿದ್ಯಾರ್ಥಿ ದಿಲ್ಲಿಯ ಲಾಜಪತ್ ನಗರದಲ್ಲಿ ಹೊಡೆತ ತಿಂದು ತೀರಿಕೊಂಡ. ಜಗಳ ಶುರುವಾದದ್ದು ಅಂಗಡಿಯಲ್ಲಿದ್ದವರು ಅವನ ಕೂದಲು ನೋಡಿ ಗೇಲಿ ಮಾಡಿದ್ದರಿಂದ. ಅದಕ್ಕೂ ಮೊದಲ ಹೆಸರು ತಮಾಷೆಯೇ ಆಗಿತ್ತು.

ಇಷ್ಟು ವರ್ಷಗಳಲ್ಲಿ ನಾನು ಕಂಡುಕೊಂಡದ್ದು ಹೆಚ್ಚೇನಿಲ್ಲ. ಭಾಷಣ ಮಾಡಿದರೆ ಯಾರೂ ಕೇಳುವುದಿಲ್ಲ. ‘ನೀವು ಕೆಟ್ಟವರು’ ಎಂದರೆ ಮಾತು ಅಲ್ಲಿಗೇ ಮುರಿಯುತ್ತದೆ, ಏಕೆಂದರೆ ಅವರು ಕೆಟ್ಟವರಲ್ಲ. ‘ಇದರಲ್ಲಿ ನಗು ಎಲ್ಲಿದೆ?’ ಎಂದು ಒಂದು ಸಲ ಕೇಳಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಮಾತು ಎಲ್ಲಿ ಬಿತ್ತೋ ಅಲ್ಲಿಂದಲೇ ಅದನ್ನು ಎತ್ತಬೇಕು. ಬಾಗಿಲಲ್ಲಿ ನಿಂತವಳಿಗೆ, ಜಗಲಿಯಲ್ಲಿ ಕೂತವಳಿಗೆ ನಗು ಕೇಳಿಸಿದ್ದರೆ ಉತ್ತರವೂ ಕೇಳಿಸಬೇಕು. ಆಮೇಲೆ ಮೂಲೆಗೆ ಕರೆದು ಬುದ್ಧಿ ಹೇಳಿದರೆ ಹೇಳಿದವರ ಮನಸ್ಸು ಹಗುರಾದೀತು. ಕೇಳಿಸಿಕೊಂಡವರ ಪಾಲಿಗೆ ಎಲ್ಲರೂ ನಕ್ಕದ್ದಷ್ಟೇ ಉಳಿಯುತ್ತದೆ. ಬೆಂಗಳೂರಿನ ಆ ಮಹಡಿಯ ಹುಡುಗಿಯರಿಗೆ ನನ್ನ ಉತ್ತರ ಕೇಳಿಸಲೇ ಇಲ್ಲ. ಗೆಳತಿಯ ಮುನಿಸಿಗಿಂತ ನನ್ನನ್ನು ಹೆಚ್ಚು ಕಾಡುವುದು ಅದು.