ರಾಕ್ಷಸನೂ ಕುದುರೆ ಕೊಟ್ಟಿದ್ದ!

ರಾಕ್ಷಸರ ಜೊತೆ ಕರಾರು, ಜೊತೆಗೊಂದು ಪ್ರೇಮಕಥೆ... ಇದೇನು ಇಂಗ್ಲಿಷ್ ಕಾದಂಬರಿಗಳ ಸ್ವತ್ತಲ್ಲ. ನಮ್ಮ ರಾಣೇಬೆನ್ನೂರು ತಾಲೂಕಿನ ದೇವರಗುಡ್ಡದ ಮೈಲಾರಲಿಂಗನ ಕಥೆ ಕೇಳಿ.

ಮಣಿ, ಮಲ್ಲ ಅಂತ ಇಬ್ಬರು ರಾಕ್ಷಸರು. ಸೋತ ಮಣಿ ತನ್ನ ಕುದುರೆ ಕೊಟ್ಟು, ಗುಡಿಯಲ್ಲಿ ಜಾಗ ಕೇಳಿದ, ಸಿಕ್ಕಿತು. ಮಲ್ಲ ಲೋಕನಾಶವನ್ನೇ ಕೇಳಿದ, ತಲೆ ಹೋಯಿತು. ಇದೇ ದೇವರು ಖಂಡೋಬನಾಗಿರುವ ಜೇಜುರಿ ಕಡೆ ಇನ್ನೊಂದು ಕಥೆ: ಕುರಿಗಾಹಿಗಳ ಹುಡುಗಿ ಬಾಣಾಯಿಗಾಗಿ ದೇವರೇ ಕುರಿ ಕಾಯುವ ಆಳಾದನಂತೆ!

ಇದನ್ನು ತಂಗಿಗೆ ಹೇಳಿದೆ. ಬ್ಯಾಡಗಿ ಕಡೆ ಗಂಡು ಗೊತ್ತಾಗಿದೆ. ಹಾವೇರಿಯಲ್ಲಿ ಓದೋದನ್ನ ಬಿಡಬೇಕು ಅನ್ನೋದು ಅವರ ಷರತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು:

“ಅಕ್ಕಾ, ದೇವರು ಆಳಾಗಿ ದುಡಿದ, ರಾಕ್ಷಸನೂ ಕುದುರೆ ಕೊಟ್ಟ. ಇವ್ರು ಏನ್ ಕೊಡ್ತಾರಂತ?”

ನಾಳೆ ಅಪ್ಪನ ಮುಂದೆ ಇದೇ ಪ್ರಶ್ನೆ ಇಡ್ತೀನಿ. ನೀವೇನಂತೀರಿ?